ಪಂಪ್ ಬಿಚ್ಚೋ ಮುಂಚೆ ಅರ್ತ್ ವೈರ್ ನೋಡಿ

ಸಂಪಾದಕರಿಗೆ ನಮಸ್ಕಾರ,

ಹೋದ ವಾರದ ವಾಹನ ಪುಟದಲ್ಲಿ ಒಬ್ಬರು ಓದುಗರು ಕೇಳಿದ್ರಲ್ಲ, ಡೀಸೆಲ್ ಪಿಕಪ್ ಬೆಳಿಗ್ಗೆ ಎಷ್ಟು ಸೆಲ್ಫ್ ಹೊಡೆದ್ರೂ ಬೇಗ ಸ್ಟಾರ್ಟ್ ಆಗಲ್ಲ, ಏನ್ ಮಾಡ್ಲಿ ಅಂತ, ಅದಕ್ಕೆ ಕೊಟ್ಟಿದ್ದ ಉತ್ತರ ಓದಿ ಈ ಪತ್ರ ಬರೀತಿದೀನಿ. ಉತ್ತರ ಮೂರೇ ಸಾಲು ಇತ್ತು. ಡೀಸೆಲ್ ಫಿಲ್ಟರ್ ಬದಲಾಯಿಸಿ, ಅದಕ್ಕೂ ಆಗ್ಲಿಲ್ಲ ಅಂದ್ರೆ ಡೀಸೆಲ್ ಪಂಪು, ಎಂಜಿನ್ನಿಗೆ ಡೀಸೆಲ್ ಚಿಮ್ಮಿಸೋ ಇಂಜೆಕ್ಟರ್ ಬಿಚ್ಚಿಸಿ ಟೆಸ್ಟ್ ಮಾಡಿಸಿ ಅಂತ. ಪೂರ್ತಿ ತಪ್ಪು ಅಂತ ನಾನು ಹೇಳಲ್ಲ, ಆದ್ರೆ ಆ ಕ್ರಮ ತಪ್ಪು, ಯಾಕಂದ್ರೆ ಇದೇ ಕ್ರಮದಲ್ಲಿ ಹೋಗಿ ನಾನು ನನ್ನ ಗಾಡಿನ ಹನ್ನೊಂದು ದಿನ ನಿಲ್ಲಿಸಿದ್ದೆ, ಪಂಪು ಬಿಚ್ಚಿಸಿದೆ, ನಾಲ್ಕು ಇಂಜೆಕ್ಟರೂ ಟೆಸ್ಟ್ ಬೆಂಚಿಗೆ ಹೋಗಿ ಬಂದ್ವು, ಕೊನೆಗೆ ಸಿಕ್ಕಿದ್ದು ಒಂದು ಹಸಿರು ಕಿಲುಬು ಹಿಡಿದ ಅರ್ತ್ ಪಟ್ಟಿ, ಅಂದ್ರೆ ಎಂಜಿನ್ನಿಂದ ಬ್ಯಾಟರಿ ಮೈನಸ್ ಕಡೆಗೆ ಕರೆಂಟ್ ವಾಪಸ್ ಹೋಗೋ ತಾಮ್ರದ ಪಟ್ಟಿ. ಆ ಓದುಗರೂ ಈಗ ಅದೇ ದಾರೀಲಿ ಹೊರಟಿರಬಹುದು, ಅವರಿಗೆ ಈ ಪತ್ರ ತಲುಪಲಿ ಅಂತ ನನ್ನ ಆಸೆ.

ಮೊದಲು ಒಂದು ವಿಷಯ ಬಿಡಿಸಿ ಹೇಳ್ತೀನಿ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ, ಗಾಳೀನ ಒತ್ತಿ ಒತ್ತಿ 500 ಡಿಗ್ರಿಗೂ ಮೇಲೆ ಬಿಸಿ ಮಾಡಿ ಅದರೊಳಗೆ ಡೀಸೆಲ್ ಚಿಮ್ಮಿಸಿದ್ರೆ ತಾನಾಗೇ ಹತ್ಕೊಳ್ಳುತ್ತೆ, ಇದು ಎಲ್ಲರಿಗೂ ಗೊತ್ತು. ಅದಕ್ಕೇ ಹಳಬರು ಡೀಸೆಲ್ ಗಾಡಿಗೂ ಕರೆಂಟಿಗೂ ಸಂಬಂಧ ಇಲ್ಲ, ತಳ್ಳಿ ಸ್ಟಾರ್ಟ್ ಮಾಡಿದ್ಮೇಲೆ ಬ್ಯಾಟರಿ ಇಲ್ದೇನೂ ಓಡುತ್ತೆ ಅಂತಾರೆ. ಹಳೇ ಗಾಡಿಗಳಲ್ಲಿ ಅದು ಬಹುಮಟ್ಟಿಗೆ ನಿಜಾನೇ. 1927ರಲ್ಲಿ ಬಾಷ್ ಕಂಪನಿ ಡೀಸೆಲ್ ಪಂಪನ್ನ ಕಾರ್ಖಾನೇಲಿ ಸಾಲುಸಾಲಾಗಿ ತಯಾರು ಮಾಡೋಕೆ ಶುರು ಮಾಡಿದ ಮೇಲೆ ಎಷ್ಟೋ ವರ್ಷ ಯಾವಾಗ ಎಷ್ಟು ಡೀಸೆಲ್ ಹೋಗ್ಬೇಕು ಅಂತ ತೀರ್ಮಾನ ಮಾಡ್ತಿದ್ದಿದ್ದು ಪಂಪಿನೊಳಗಿನ ಕಬ್ಬಿಣವೇ. 1997ರಲ್ಲಿ ಕಾಮನ್ ರೈಲ್, ಅಂದ್ರೆ ಎಲ್ಲ ಇಂಜೆಕ್ಟರಿಗೂ ಒತ್ತಡದ ಡೀಸೆಲ್ ಕೊಡೋ ಒಂದೇ ಕೊಳವೆ, ಕಾರುಗಳಿಗೆ ಬಂತು, ಆಮೇಲೆ ಪಿಕಪ್‌ಗಳಿಗೂ ಬಂತು, ಈಗ ತೀರ್ಮಾನ ಮಾಡೋದು ಇಸಿಯು ಅನ್ನೋ ಕಂಪ್ಯೂಟರ್ ಪೆಟ್ಟಿಗೆ. ಪಂಪಿನ ಕೆಲ್ಸ ಬರೀ ಒತ್ತಡ ಕಟ್ಟೋದು, ಇಂಜೆಕ್ಟರ್ ಬಾಯಿ ತೆರೆಯೋದು ಕರೆಂಟಿನಿಂದ. ಹಾಗಾಗಿ ಈಗಿನ ಗಾಡೀಲಿ ಡೀಸೆಲ್ ತೊಂದ್ರೆ ಬೇರೆ, ಕರೆಂಟ್ ತೊಂದ್ರೆ ಬೇರೆ ಅಂತ ಎರಡು ಖಾತೆ ಇಲ್ಲವೇ ಇಲ್ಲ, ಒಂದರ ತೊಂದ್ರೆ ಇನ್ನೊಂದರ ಮುಖ ಹಾಕ್ಕೊಂಡು ಬರುತ್ತೆ. ನನ್ನ ಗಾಡೀಲಿ ಹೀಗೆ ಎರಡು ಸಲ ಆಯ್ತು, ಒಂದೊಂದು ಸಲ ಒಂದೊಂದು ದಿಕ್ಕಿನಿಂದ.

ಮೊದಲನೇ ಸಲದ್ದು ಆ ಓದುಗರ ಕಥೇನೇ. ಬೆಳಿಗ್ಗೆ ಸೆಲ್ಫ್ ಹೊಡೆದ್ರೆ ಎಂಜಿನ್ ತಿರುಗುತ್ತೆ, ಆದ್ರೆ ಹತ್ಕೊಳ್ಳಲ್ಲ, ಎಂಟು ಹತ್ತು ಸಲ ಪ್ರಯತ್ನ ಪಟ್ಟ ಮೇಲೆ ಒಂದ್ಸಲ ಕೆಮ್ಮಿ ಎದ್ದೇಳುತ್ತೆ, ಎದ್ದ ಮೇಲೆ ಇಡೀ ದಿನ ಏನೂ ತೊಂದ್ರೆ ಇಲ್ಲ. ಇಸಿಯು ಬರೆದಿಟ್ಟಿದ್ದನ್ನ ಓದೋ ಸ್ಕ್ಯಾನರ್ ಹಾಕಿದ್ರೆ ಪಿ0087 ಅಂತ ಕೋಡ್ ಬಂತು, ಅಂದ್ರೆ ಆ ರೈಲ್ ಕೊಳವೇಲಿ ಡೀಸೆಲ್ ಒತ್ತಡ ಕಮ್ಮಿ ಅಂತ ಅರ್ಥ. ಆ ಕೋಡ್ ನೋಡಿದ ತಕ್ಷಣ ಗ್ಯಾರೇಜಿನಲ್ಲಿ ಎಲ್ಲರೂ ಪಂಪ್ ಹೋಗಿದೆ ಅಂದ್ರು, ನಾನೂ ನಂಬಿದೆ, ನಂಬದೆ ಇನ್ನೇನು, ಕಂಪ್ಯೂಟರೇ ಒತ್ತಡ ಇಲ್ಲ ಅಂತ ಹೇಳ್ತಿದೆಯಲ್ಲ. ಆದ್ರೆ ಕೋಡ್ ಹೇಳಿದ್ದು ಒತ್ತಡ ಕಮ್ಮಿ ಅಂತ ಮಾತ್ರ, ಯಾಕೆ ಕಮ್ಮಿ ಅಂತ ಅದು ಹೇಳಿರ್ಲಿಲ್ಲ. ಈ ಒಂದು ವ್ಯತ್ಯಾಸ ಅರ್ಥ ಆಗೋಕೆ ನನಗೆ ಹನ್ನೊಂದು ದಿನ ಬೇಕಾಯ್ತು.

ಪಂಪ್ ಟೆಸ್ಟ್‌ನಲ್ಲಿ ಚೆನ್ನಾಗಿದೆ ಅಂತ ವಾಪಸ್ ಬಂತು. ಇಂಜೆಕ್ಟರ್‌ಗಳೂ ಚೆನ್ನಾಗಿದ್ವು. ಬ್ಯಾಟರಿ ನೋಡಿದ್ವಿ, ರಾತ್ರಿ ನಿಂತ ಮೇಲೆ 12.6 ವೋಲ್ಟ್, ಅಂದ್ರೆ ಪೂರ್ತಿ ಚಾರ್ಜ್. ಸೆಲ್ಫ್ ಹೊಡೆಯುವಾಗ ಬ್ಯಾಟರಿ ತಲೆ ಮೇಲೇ ಮೀಟರ್ ಇಟ್ರೂ 10.8 ತೋರಿಸ್ತು, 9.6ಕ್ಕಿಂತ ಕೆಳಗಿಳಿದ್ರೆ ಮಾತ್ರ ಬ್ಯಾಟರಿ ಸೋತಿದೆ ಅಂತ ಲೆಕ್ಕ, ಹಾಗಾಗಿ ಕರೆಂಟ್ ಸರಿ ಇದೆ ಅಂತ ಎಲ್ಲರೂ ತೀರ್ಮಾನ ಮಾಡ್ಬಿಟ್ವಿ. ತಪ್ಪಾಗಿದ್ದು ಇಲ್ಲೇ. ನಾವು ಅಳೆದಿದ್ದು ಬ್ಯಾಟರಿ ಹತ್ರ ಇರೋ ವೋಲ್ಟೇಜು, ಸೆಲ್ಫ್ ಮೋಟರಿಗೆ ಮುಟ್ಟಿದ್ದು ಎಷ್ಟು ಅಂತ ಯಾರೂ ಅಳೀಲಿಲ್ಲ. ಸೆಲ್ಫ್ ಮೋಟರಿಗೆ ಪ್ಲಸ್ ದಪ್ಪ ಕೇಬಲ್ಲಲ್ಲಿ ಬರುತ್ತೆ, ಮೈನಸ್ ವಾಪಸ್ ಹೋಗೋದು ಎಂಜಿನ್ ಬ್ಲಾಕಿನ ಕಬ್ಬಿಣದಿಂದ, ಅಲ್ಲಿಂದ ಒಂದು ಹೆಣೆದ ತಾಮ್ರದ ಪಟ್ಟಿ ಚಾಸಿಗೆ, ಚಾಸಿಯಿಂದ ಬ್ಯಾಟರಿಗೆ. ಎಂಜಿನ್ ಕೂತಿರೋದು ರಬ್ಬರ್ ಮೌಂಟಿಂಗ್ ಮೇಲೆ, ಆ ಪಟ್ಟಿ ಬಿಟ್ರೆ ಇಷ್ಟು ಕರೆಂಟ್ ಹೋಗೋಕೆ ನೆಟ್ಟಗೆ ಬೇರೆ ದಾರಿ ಇಲ್ಲ. ಆ ಪಟ್ಟಿ ಬೋಲ್ಟಿನ ಕೆಳಗೆ ತುಕ್ಕು ಹಿಡಿದು ಅರ್ಧ ಎಳೆ ಉದುರಿ ಹೋಗಿದ್ರೆ ನೂರಾರು ಆಂಪಿಯರ್ ಕರೆಂಟ್ ಅಲ್ಲಿ ಸಿಕ್ಕಾಕ್ಕೊಂಡು ಒದ್ದಾಡುತ್ತೆ, ಬ್ಯಾಟರಿ ಮಾತ್ರ ಏನೂ ಆಗಿಲ್ಲ ಅನ್ನೋ ಹಾಗೆ ಚೆನ್ನಾಗೇ ಕಾಣುತ್ತೆ.

ಅದನ್ನ ಹಿಡಿದವರು ಒಬ್ಬ ವಯಸ್ಸಾದ ಎಲೆಕ್ಟ್ರಿಷಿಯನ್. ಅವರು ಮಾಡಿದ್ದು ಇಷ್ಟೇ. ಮೀಟರಿನ ಒಂದು ಮುಳ್ಳು ಬ್ಯಾಟರಿ ಮೈನಸ್ ಮೇಲೆ, ಇನ್ನೊಂದು ಮುಳ್ಳು ಎಂಜಿನ್ ಬ್ಲಾಕಿನ ಒಂದು ಬರಿ ಕಬ್ಬಿಣದ ಜಾಗದ ಮೇಲೆ ಇಟ್ಟು ನನಗೆ ಸೆಲ್ಫ್ ಹೊಡಿ ಅಂದ್ರು. ಎರಡೂ ಮೈನಸ್ಸೇ ಆದ್ದರಿಂದ ಮೀಟರ್ ಹೆಚ್ಚುಕಮ್ಮಿ ಸೊನ್ನೆ ತೋರಿಸ್ಬೇಕು, ಹೆಚ್ಚಂದ್ರೆ 0.2 ಅಥವಾ 0.3 ವೋಲ್ಟ್. ನನ್ನ ಗಾಡೀಲಿ 2.1 ತೋರಿಸ್ತು. ಅಂದ್ರೆ ಬ್ಯಾಟರಿಯ 10.8ರಲ್ಲಿ 2.1 ಆ ಪಟ್ಟಿಯಲ್ಲೇ ಸುಟ್ಟು ಹೋಗ್ತಿತ್ತು, ಸೆಲ್ಫ್ ಮೋಟರಿಗೆ ಸಿಕ್ತಿದ್ದು 8.7. ಆಮೇಲೆ ಅವರು ಜಂಪ್ ಕೇಬಲ್ ತಗೊಂಡು ಒಂದು ತುದಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ತುದಿ ಎಂಜಿನ್ನಿಗೆ ಕಚ್ಚಿಸಿ ಮತ್ತೆ ಹೊಡಿ ಅಂದ್ರು, ಅರ್ಧ ಸುತ್ತಿಗೇ ಎದ್ದುಬಿಡ್ತು. ಹನ್ನೊಂದು ದಿನದ ಮೇಲೆ ಆ ಶಬ್ದ ಕೇಳಿ ನನಗೆ ಕಣ್ಣಲ್ಲಿ ನೀರೇ ಬಂತು, ಯಾಕಂದ್ರೆ ಆ ಗಾಡಿ ನಿಂತ್ರೆ ನನ್ನ ಮನೆ ನಿಂತ ಹಾಗೆ.

ಈಗ ಯಾಕೆ ಹೀಗಾಯ್ತು ಅಂತ ನೋಡಿ. ಸೆಲ್ಫಿಗೆ ವೋಲ್ಟೇಜ್ ಕಮ್ಮಿ ಆದ್ರೆ ಎಂಜಿನ್ ನಿಧಾನ ತಿರುಗುತ್ತೆ, ಆದ್ರೆ ಪೂರ್ತಿ ನಿಲ್ಲಲ್ಲ, ಹಾಗಾಗಿ ಕಿವಿಗೆ ಗೊತ್ತಾಗಲ್ಲ. ಪಂಪ್ ಎಂಜಿನ್ನಿನಿಂದಲೇ ತಿರುಗೋದು, ಅದೂ ನಿಧಾನ. ರೈಲಲ್ಲಿ ಸುಮಾರು 200 ಬಾರ್ ಆಸುಪಾಸು ಒತ್ತಡ ಬರೋವರೆಗೂ ಇಸಿಯು ಇಂಜೆಕ್ಟರ್‌ಗಳಿಗೆ ಬಾಯಿ ತೆರೆಯೋಕೆ ಹೇಳೋದೇ ಇಲ್ಲ, ಗಾಡಿಯಿಂದ ಗಾಡಿಗೆ ಈ ಅಂಕಿ ಸ್ವಲ್ಪ ಆಚೀಚೆ ಇರುತ್ತೆ. ನಿಧಾನ ತಿರುಗೋ ಪಂಪಿಗೆ ಅಷ್ಟು ಒತ್ತಡ ಕಟ್ಟೋಕೆ ಆಗಲ್ಲ. ಚಳಿ ಬೆಳಿಗ್ಗೆ ಎಂಜಿನ್ ಆಯಿಲ್ ಗಟ್ಟಿ ಇರುತ್ತೆ, ಇನ್ನೂ ಕಷ್ಟ. ಮಧ್ಯಾಹ್ನ ಎಂಜಿನ್ ಬಿಸಿ ಇದ್ದಾಗ ಹಗುರ ತಿರುಗುತ್ತೆ, ಅದಕ್ಕೆ ತೊಂದ್ರೆ ಇಲ್ಲ. ಕಂಪ್ಯೂಟರಿಗೆ ಕಂಡಿದ್ದು ಒತ್ತಡ ಇಲ್ಲ ಅನ್ನೋದು ಮಾತ್ರ, ಅದನ್ನ ಬರೆದಿಡ್ತು, ನಾವು ಪಂಪ್ ಬಿಚ್ಚಿದ್ವಿ. ಗ್ಯಾರೇಜಿನವರ ಮೇಲೆ ನನಗೆ ಸಿಟ್ಟಿಲ್ಲ, ಅವರೂ ರಾತ್ರಿ ಕೂತು ಕೆಲಸ ಮಾಡಿದ್ರು, ಆದ್ರೆ ಬಿಚ್ಚೋ ಮುಂಚೆ ಅಳೆಯೋ ಅಭ್ಯಾಸ ನಮಗ್ಯಾರಿಗೂ ಇರ್ಲಿಲ್ಲ.

ಅದಕ್ಕೇ ಆ ಓದುಗರಿಗೆ ನಾನು ಹೇಳೋದು, ಮೊದಲು ಕಣ್ಣು ಕಿವಿ ಉಪಯೋಗಿಸಿ. ಸೆಲ್ಫ್ ಹೊಡೆಯುವಾಗ ಒಬ್ಬರು ಹಿಂದೆ ಸೈಲೆನ್ಸರ್ ಹತ್ರ ನಿಂತು ನೋಡ್ಲಿ. ಬಿಳಿ ಹೊಗೆ ಬರ್ತಿದ್ರೆ ಡೀಸೆಲ್ ಒಳಗೆ ಹೋಗ್ತಿದೆ ಆದ್ರೆ ಹತ್ಕೊಳ್ತಿಲ್ಲ ಅಂತ, ಆಗ ಸಿಲಿಂಡರ್ ಒಳಗೆ ಕಾಯಿಸೋ ಹೀಟರ್ ಪ್ಲಗ್, ಗಾಳಿ ಒತ್ತೋ ಕಂಪ್ರೆಷನ್, ತಿರುಗೋ ವೇಗ ಈ ಕಡೆ ಹುಡುಕ್ಬೇಕು. ಹೊಗೆನೇ ಇಲ್ಲ ಅಂದ್ರೆ ಡೀಸೆಲ್ ಸಿಲಿಂಡರಿಗೆ ಮುಟ್ತಿಲ್ಲ, ಅದು ಖಾಲಿ ಟ್ಯಾಂಕಿನಿಂದ ಇರಬಹುದು, ಡೀಸೆಲ್ ಪೈಪಲ್ಲಿ ಗಾಳಿ ಸೇರಿ ಏರ್ ಹಿಡಿದಿರಬಹುದು, ಇಸಿಯು ಅಪ್ಪಣೆ ಕೊಡದೇ ಇರಬಹುದು. ಈ ಒಂದು ನೋಟದಿಂದ ಅರ್ಧ ಹುಡುಕಾಟ ಕಮ್ಮಿ ಆಗುತ್ತೆ. ಹಾಗೇ ಡ್ಯಾಶ್ ಬೋರ್ಡ್ ನೋಡಿ, ಕೀ ಆನ್ ಮಾಡಿದಾಗ ಎಂಜಿನ್ ಲೈಟ್ ಬರುತ್ತಾ ಇಲ್ವಾ. ಬರಲೇ ಇಲ್ಲ ಅಂದ್ರೆ ಬಲ್ಬೇ ಹೋಗಿರ್ಬೇಕು, ಇಲ್ಲಾ ಇಸಿಯುಗೆ ಕರೆಂಟ್ ಬರ್ತಿಲ್ಲ, ಇಸಿಯುಗೆ ಕರೆಂಟ್ ಬಿಡೋ ಸ್ವಿಚ್ಚಾದ ಮೇನ್ ರಿಲೇ ಮತ್ತು ಫ್ಯೂಸ್ ನೋಡಿ, ಡೀಸೆಲ್ ಕಡೆ ಕೈ ಹಾಕೋ ಮುಂಚೆ. ಕೀ ಗುರುತಿನ ಲೈಟ್ ಮಿಣುಕ್ತಾ ಇದ್ರೆ ಕಳ್ಳತನ ತಡೆಯೋ ಇಮೊಬಿಲೈಜರ್ ಗಾಡಿನ ತಡೆ ಹಿಡಿದಿದೆ, ಇನ್ನೊಂದು ಕೀ ಹಾಕಿ ನೋಡಿ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸ್ವಲ್ಪಾನೂ ಅಲ್ಲಾಡದಿದ್ರೆ ಎಂಜಿನ್ ತಿರುಗೋ ವೇಗ ಇಸಿಯುಗೆ ತಿಳಿಸೋ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ ಪಡಿ, ಕೆಲವು ಗಾಡಿಗಳಲ್ಲಿ ಸರಿ ಇದ್ರೂ ಮುಳ್ಳು ಏಳಲ್ಲ, ಅಂಥದ್ರಲ್ಲಿ ಸ್ಕ್ಯಾನರಲ್ಲಿ ವೇಗ ಎಷ್ಟು ತೋರಿಸುತ್ತೆ ನೋಡ್ಬೇಕು.

ಫ್ಯೂಸ್, ರಿಲೇ, ವೈರ್ ನೋಡೋ ವಿಚಾರದಲ್ಲಿ ಒಂದು ಮಾತು, ಇದು ನನಗೆ ಆ ಹಿರಿಯರೇ ಕಲಿಸಿದ್ದು. ಬರೀ ಮಲ್ಟಿಮೀಟರ್ ನಂಬ್ಬೇಡಿ. ಒಂದು ವೈರಿನಲ್ಲಿ ಮೂವತ್ತು ಎಳೆ ಇದ್ದು ಇಪ್ಪತ್ತೊಂಬತ್ತು ಕಿತ್ತು ಹೋಗಿ ಒಂದೇ ಎಳೆ ಉಳಿದಿದ್ರೂ ಮೀಟರ್ 12 ವೋಲ್ಟ್ ಅಂತಾನೇ ತೋರಿಸುತ್ತೆ, ಯಾಕಂದ್ರೆ ಮೀಟರ್ ಎಳ್ಕೊಳ್ಳೋ ಕರೆಂಟ್ ಲೆಕ್ಕಕ್ಕೇ ಇಲ್ಲದಷ್ಟು. ಕೆಲಸ ಮಾಡೋ ವಸ್ತು ಅಲ್ಲಿ ಸೇರಿಸಿದ ಕೂಡ್ಲೆ ವೋಲ್ಟೇಜ್ ಬಿದ್ದು ಹೋಗುತ್ತೆ. ಹಾಗಾಗಿ ಹಳೇ ಹೆಡ್‌ಲೈಟ್ ಬಲ್ಬಿಗೆ ಎರಡು ವೈರ್ ಕಟ್ಟಿ ಇಟ್ಕೊಳ್ಳಿ, 55 ವ್ಯಾಟಿನ ಬಲ್ಬು ನಾಲ್ಕೂವರೆ ಆಂಪಿಯರ್ ಎಳೆಯುತ್ತೆ, ಅದು ಜೋರಾಗಿ ಉರಿದ್ರೆ ಆ ವೈರಿಗೆ ಶಕ್ತಿ ಇದೆ ಅಂತ, ಮಂಕಾಗಿ ಉರಿದ್ರೆ ಆ ವೈರಿನ ದಾರಿ ಹಿಡ್ಕೊಂಡು ಹಿಂದಕ್ಕೆ ಹೋಗಿ. ಆದ್ರೆ ಈ ದೊಡ್ಡ ಬಲ್ಬನ್ನ ದಪ್ಪ ವೈರ್, ಫ್ಯೂಸ್, ರಿಲೇ ಕಡೆಗೆ ಮಾತ್ರ ಉಪಯೋಗಿಸಿ, ಸೆನ್ಸರ್ ವೈರಿಗೆ ಇಸಿಯು ವೈರಿಗೆ ಇಡ್ಲೇಬೇಡಿ, ಅವು 5 ವೋಲ್ಟಿನ ಸೂಕ್ಷ್ಮ ಲೈನುಗಳು, ಇಸಿಯು ಸುಟ್ಟು ಹೋಗಬಹುದು. ಅಲ್ಲಿ ಮೀಟರೇ ಸರಿ.

ಹೀಟರ್ ಪ್ಲಗ್ ಅಂದ್ನಲ್ಲ, ಅದನ್ನ ಎಷ್ಟೋ ಜನ ಮರೆತೇ ಬಿಡ್ತಾರೆ. ನಾಲ್ಕರಲ್ಲಿ ಒಂದು ಹೋದ್ರೆ ಗೊತ್ತಾಗಲ್ಲ, ಬೆಳಿಗ್ಗೆ ಸ್ವಲ್ಪ ನಡುಗಿ ಎದ್ದೇಳುತ್ತೆ ಅಷ್ಟೆ, ಎರಡು ಮೂರು ಹೋದ್ಮೇಲೆ ಚಳಿಗಾಲದಲ್ಲಿ ಏಳೋದೇ ಇಲ್ಲ. ಪ್ಲಗ್ ಮೇಲಿನ ಪಟ್ಟಿ ಬಿಚ್ಚಿ ಮೀಟರಲ್ಲಿ ಓಮ್ ನೋಡಿದ್ರೆ ಒಂದು ಓಮ್ ಆಸುಪಾಸು ಬರ್ಬೇಕು, ಪೂರ್ತಿ ತುಂಡು ಅಂತ ತೋರಿಸಿದ್ರೆ ಅದು ಸತ್ತಿದೆ. ಕೆಲವರು ಬ್ಯಾಟರಿಯಿಂದ ನೇರ ವೈರ್ ಎಳೆದು ಪ್ಲಗ್ ಕೆಂಪಾಗುತ್ತಾ ಅಂತ ನೋಡ್ತಾರೆ, ಹಳೇ ಕಬ್ಬಿಣದ ಪ್ಲಗ್ಗಿಗೆ ಸ್ವಲ್ಪ ಹೊತ್ತು ಸರಿ, ಈಗಿನ ಸೆರಾಮಿಕ್ ಪ್ಲಗ್‌ಗಳು 12ಕ್ಕಿಂತ ಕಮ್ಮಿ ವೋಲ್ಟಿನವು, ನೇರ ಕೊಟ್ರೆ ಒಡೆದು ಚೂರು ಸಿಲಿಂಡರ್ ಒಳಗೆ ಬೀಳೋ ಅಪಾಯ ಇದೆ. ಇನ್ನೊಂದು, ಸ್ಟಾರ್ಟಿಂಗ್ ಸ್ಪ್ರೇ. ಗಾಳಿ ಪೈಪಿಗೆ ಈಥರ್ ಹೊಡೆದು ಎಬ್ಬಿಸ್ತಾರಲ್ಲ, ಒಳಗೆ ಹೀಟರ್ ಪ್ಲಗ್ ಕಾದಿದ್ರೆ ಆ ಸ್ಪ್ರೇ ಬೇಕಾದ ಹೊತ್ತಿಗಿಂತ ಮುಂಚೆನೇ ಸಿಡಿಯುತ್ತೆ, ಪಿಸ್ಟನ್ ರಿಂಗ್ ಮುರಿದಿದ್ದನ್ನ ನಾನು ಕಣ್ಣಾರೆ ನೋಡಿದೀನಿ. ದಯವಿಟ್ಟು ಆ ಕೆಲಸ ಮಾಡ್ಬೇಡಿ.

ಇನ್ನು ನನ್ನ ಎರಡನೇ ಕಥೆ, ಇದು ಮೊದಲಿನದ್ದರ ಉಲ್ಟಾ. ಅರ್ತ್ ಪಟ್ಟಿ ಬದಲಾಯಿಸಿ ಒಂದು ವರ್ಷ ಆಗಿರ್ಬೇಕು, ಗಾಡಿ ಹೈವೇಲಿ ಲೋಡ್ ಹಾಕ್ಕೊಂಡು ಹೋಗ್ತಾ ಇದ್ದ ಹಾಗೆ ಒಂದು ಗಂಟೆ ಓಡಿದ್ಮೇಲೆ ನಿಂತು ಹೋಗೋಕೆ ಶುರು ಆಯ್ತು. ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಹೊಡೆದ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗುತ್ತೆ. ಬಿಸಿ ಆದ್ಮೇಲೆ ನಿಂತು ತಣ್ಣಗಾದ್ಮೇಲೆ ಏಳೋದು ಅಂದ್ರೆ ಕ್ರ್ಯಾಂಕ್ ಸೆನ್ಸರ್ ಅಂತ ಎಲ್ಲರೂ ಕಣ್ಣು ಮುಚ್ಕೊಂಡು ಹೇಳ್ತಾರೆ, ಅದು ನಿಜಾನೇ, ಸೆನ್ಸರ್ ಒಳಗಿನ ಸುರುಳಿ ಬಿಸಿಗೆ ಹಿಗ್ಗಿ ಸಂಪರ್ಕ ಕಡಿದು ತಣ್ಣಗಾದ್ಮೇಲೆ ಮತ್ತೆ ಸೇರ್ಕೊಳ್ಳುತ್ತೆ. ಸರಿ, ಸೆನ್ಸರ್ ಹೊಸದು ಹಾಕಿಸಿದೆ, ಮೂರನೇ ದಿನ ಅದೇ ಜಾಗದಲ್ಲಿ ಅದೇ ಥರ ನಿಂತ್ಕೊಳ್ತು. ಮೊದಲನೇ ಸಲ ಡೀಸೆಲ್ ಅಂದ್ಕೊಂಡಿದ್ದು ಕರೆಂಟ್ ಆಗಿತ್ತಲ್ಲ, ಆ ಪಾಠದಿಂದ ಈ ಸಲ ನಾನು ಪೂರ್ತಿ ಕರೆಂಟ್ ಕಡೆನೇ ವಾಲಿದ್ದೆ, ಎಲ್ಲ ಕನೆಕ್ಟರ್ ಬಿಚ್ಚಿ ಕ್ಲೀನ್ ಮಾಡಿದೆ, ರಿಲೇ ಬದಲಾಯಿಸಿದೆ.

ಆಮೇಲೆ ಸಮಾಧಾನವಾಗಿ ಕೂತು ನಿಲ್ಲುವಾಗ ಏನಾಗ್ತಿತ್ತು ಅಂತ ನೆನಪು ಮಾಡ್ಕೊಂಡೆ. ಸ್ವಿಚ್ ಆಫ್ ಮಾಡಿದ ಹಾಗೆ ಟಕ್ ಅಂತ ನಿಲ್ತಿರ್ಲಿಲ್ಲ, ಮೊದಲು ಏರು ರಸ್ತೇಲಿ ಎಳೆತ ಕಮ್ಮಿ ಆಗ್ತಿತ್ತು, ಆಮೇಲೆ ತಡವರಿಸಿ ತಡವರಿಸಿ ಉಸಿರು ಕಟ್ಟಿದ ಹಾಗೆ ನಿಲ್ತಿತ್ತು. ಈ ವ್ಯತ್ಯಾಸ ತುಂಬಾ ದೊಡ್ಡದು. ಕ್ರ್ಯಾಂಕ್ ಸೆನ್ಸರ್ ಹೋದ್ರೆ ಚಕ್ರ ಇನ್ನೂ ತಿರುಗ್ತಾ ಇರುವಾಗಲೇ ಆರ್‌ಪಿಎಂ ಮುಳ್ಳು ಒಂದೇ ಏಟಿಗೆ ಸೊನ್ನೆಗೆ ಬೀಳುತ್ತೆ. ಡೀಸೆಲ್ ಸಾಲದೆ ನಿಂತ್ರೆ ಮುಳ್ಳು ಎಂಜಿನ್ ಜೊತೆಗೇ ನಿಧಾನ ಇಳಿಯುತ್ತೆ. ಮುಂದಿನ ಸಲ ನಿಂತ ತಕ್ಷಣ ಇಳಿದು ಡೀಸೆಲ್ ಟ್ಯಾಂಕಿನ ಮುಚ್ಚಳ ತಿರುಗಿಸಿದೆ, ಸುಯ್ಯ್ ಅಂತ ಗಾಳಿ ಒಳಗೆ ನುಗ್ಗಿತು, ಮುಚ್ಚಳ ಹಾಕಿ ಸೆಲ್ಫ್ ಹೊಡೆದೆ, ತಕ್ಷಣ ಸ್ಟಾರ್ಟ್. ಟ್ಯಾಂಕಿಗೆ ಗಾಳಿ ಹೋಗೋ ಸಣ್ಣ ಪೈಪು ಮಣ್ಣು ಕಟ್ಕೊಂಡು ಮುಚ್ಚಿ ಹೋಗಿತ್ತು. ಡೀಸೆಲ್ ಖರ್ಚಾದ ಹಾಗೆಲ್ಲ ಆ ಜಾಗಕ್ಕೆ ಗಾಳಿ ಬರ್ಬೇಕು, ಬರದಿದ್ರೆ ಟ್ಯಾಂಕಿನೊಳಗೆ ನಿರ್ವಾತ ಆಗಿ ಪಂಪು ಎಷ್ಟು ಎಳೆದ್ರೂ ಡೀಸೆಲ್ ಬರಲ್ಲ, ನಿಲ್ಲಿಸಿ ಹದಿನೈದು ನಿಮಿಷ ಬಿಟ್ರೆ ಎಲ್ಲಿಂದಲೋ ಸ್ವಲ್ಪ ಸ್ವಲ್ಪ ಗಾಳಿ ನುಸುಳಿ ಸರಿ ಹೋಗುತ್ತೆ. ತಣ್ಣಗಾಗಿದ್ದರಿಂದ ಎದ್ದಿದ್ದಲ್ಲ, ಗಾಳಿ ತುಂಬ್ಕೊಂಡಿದ್ದರಿಂದ ಎದ್ದಿದ್ದು. ಪಿಕಪ್ಪಿನ ಟ್ಯಾಂಕು ಲೋಡ್ ಹಾಕೋ ಬಾಡಿ ಕೆಳಗೆ ಹಿಂದಿನ ಚಕ್ರದ ಹತ್ರಾನೇ ಇರೋದು, ಕೆಸರು ರಸ್ತೇಲಿ ಓಡೋ ಗಾಡಿಗೆ ಇದು ಆಗೋದು ಆಶ್ಚರ್ಯ ಅಲ್ಲ.

ಏರ್ ಹಿಡಿಯೋ ವಿಷಯಕ್ಕೂ ಒಂದಿಷ್ಟು ಜಾಗ ಕೊಡಿ ಸಂಪಾದಕರೇ, ಯಾಕಂದ್ರೆ ಬೆಳಿಗ್ಗೆ ಏಳದ ಗಾಡಿಗಳಲ್ಲಿ ಇದು ಬಹಳ. ಟ್ಯಾಂಕಲ್ಲಿ ಎಲೆಕ್ಟ್ರಿಕ್ ಪಂಪ್ ಇಲ್ಲದ ಗಾಡೀಲಿ ಟ್ಯಾಂಕಿನಿಂದ ಪಂಪಿನವರೆಗೂ ಇರೋ ಪೈಪಲ್ಲಿ ಒತ್ತಡ ಇಲ್ಲ, ಎಳೆತ ಇದೆ, ಅಂದ್ರೆ ಪೈಪಲ್ಲೋ ಫಿಲ್ಟರಿನ ರಬ್ಬರ್ ರಿಂಗಲ್ಲೋ ಸಣ್ಣ ಬಿರುಕು ಇದ್ರೆ ಹೊರಗೆ ಒಂದು ತೊಟ್ಟು ಡೀಸೆಲ್ಲೂ ಕಾಣಲ್ಲ, ಗಾಳಿ ಮಾತ್ರ ಒಳಗೆ ಹೋಗುತ್ತೆ. ರಾತ್ರಿ ನಿಂತಾಗ ಡೀಸೆಲ್ ನಿಧಾನ ಟ್ಯಾಂಕಿಗೆ ವಾಪಸ್ ಇಳಿದು ಪೈಪು ಖಾಲಿ, ಬೆಳಿಗ್ಗೆ ಪಂಪಿಗೆ ಸಿಗೋದು ಗಾಳಿ. ಲೀಕ್ ಇಲ್ಲ ಅಂತ ನೆಲ ನೋಡಿ ಹೇಳೋರು ಇಲ್ಲೇ ಮೋಸ ಹೋಗೋದು. ಫಿಲ್ಟರ್ ಮತ್ತು ಪಂಪಿನ ಮಧ್ಯೆ ಒಂದು ಗೇಣು ಪಾರದರ್ಶಕ ಡೀಸೆಲ್ ಪೈಪ್ ಹಾಕಿ ನೋಡಿದ್ರೆ ಗುಳ್ಳೆ ಹೋಗ್ತಿರೋದು ಕಣ್ಣಿಗೇ ಕಾಣುತ್ತೆ. ಬೆಳಿಗ್ಗೆ ಸೆಲ್ಫ್ ಹೊಡೆಯೋ ಮುಂಚೆ ಡೀಸೆಲ್ ಪೈಪಿನ ದಾರೀಲಿರೋ ಕೈಪಂಪ್ ಒತ್ತಿ, ಗಟ್ಟಿ ಆಗೋಕೆ ತುಂಬಾ ಸಲ ಒತ್ಬೇಕಾದ್ರೆ ಡೀಸೆಲ್ ಕೆಳಗಿಳಿದಿದೆ ಅಂತ, ಒತ್ತಿದ್ಮೇಲೆ ಒಂದೇ ಸಲಕ್ಕೆ ಗಾಡಿ ಎದ್ರೆ ಕಳ್ಳ ಸಿಕ್ಕಿದ ಹಾಗೇ. ಫಿಲ್ಟರ್ ಬದಲಾಯಿಸಿದ ಮೇಲೆ ತೊಂದ್ರೆ ಶುರು ಆಗಿದ್ರಂತೂ ಮೊದಲು ಆ ರಬ್ಬರ್ ರಿಂಗ್ ನೋಡಿ, ಹಳೇ ರಿಂಗ್ ಅಂಟ್ಕೊಂಡು ಉಳಿದು ಅದರ ಮೇಲೆ ಹೊಸದು ಕೂತಿರುತ್ತೆ. ಹೊಸ ಫಿಲ್ಟರಿಗೆ ಕ್ಯಾನಿನಿಂದ ಡೀಸೆಲ್ ಸುರಿದು ಹಾಕೋ ಪದ್ಧತಿ ಕಾಮನ್ ರೈಲ್ ಗಾಡಿಗೆ ಬೇಡ, ಆ ಸೋಸದ ಡೀಸೆಲ್ಲಲ್ಲಿರೋ ಕಸ ನೇರ ಪಂಪಿಗೆ ಹೋಗುತ್ತೆ, ಅಲ್ಲಿನ ಸಂದು ಕೂದಲೆಳೆಗಿಂತ ಎಷ್ಟೋ ಪಟ್ಟು ಸಣ್ಣದು. ಖಾಲಿ ಫಿಲ್ಟರ್ ಹಾಕಿ ಕೈಪಂಪಲ್ಲೇ ತುಂಬಿಸಿ.

ನೀರಿನ ವಿಷಯ ಚಿಕ್ಕದಾಗಿ ಹೇಳ್ತೀನಿ. ನೀರು ಡೀಸೆಲ್ಲಿಗಿಂತ ಭಾರ, ತಳದಲ್ಲಿ ಕೂರುತ್ತೆ, ಫಿಲ್ಟರ್ ಕೆಳಗಿನ ಸ್ಕ್ರೂ ಸಡಿಲಿಸಿ ಗಾಜಿನ ಬಾಟಲಿಗೆ ಬಿಟ್ಟು ಹತ್ತು ನಿಮಿಷ ಇಟ್ರೆ ಗೆರೆ ಎಳೆದ ಹಾಗೆ ಬೇರೆ ಆಗುತ್ತೆ. ಕಪ್ಪು ಲೋಳೆ ಬಂದ್ರೆ ನೀರು ಡೀಸೆಲ್ ಸೇರೋ ಕಡೆ ಬೆಳೆದ ಸೂಕ್ಷ್ಮಜೀವಿಗಳದ್ದು, ಬರೀ ಫಿಲ್ಟರ್ ಬದಲಾಯಿಸಿದ್ರೆ ಸಾಲಲ್ಲ, ಟ್ಯಾಂಕೇ ತೊಳೀಬೇಕು. ಅಪ್ಪಿತಪ್ಪಿ ಪೆಟ್ರೋಲ್ ಹಾಕಿಸಿದ್ರೆ ಕೀ ಆನ್ ಕೂಡ ಮಾಡ್ಬೇಡಿ, ಟ್ಯಾಂಕಲ್ಲಿ ಎಲೆಕ್ಟ್ರಿಕ್ ಪಂಪ್ ಇರೋ ಗಾಡೀಲಿ ಅದು ಅಷ್ಟಕ್ಕೇ ಪೆಟ್ರೋಲನ್ನ ಮುಂದಕ್ಕೆ ತಳ್ಳಬಹುದು, ಡೀಸೆಲ್ಲೇ ಪಂಪಿಗೆ ಎಣ್ಣೆ, ಪೆಟ್ರೋಲಿಗೆ ಆ ಜಿಡ್ಡು ಇಲ್ಲ.

ಇಂಜೆಕ್ಟರ್ ಮೇಲೆ ಅನುಮಾನ ಬಂದ್ರೂ ಬಿಚ್ಚೋ ಮುಂಚೆ ಒಂದು ಪರೀಕ್ಷೆ ಇದೆ, ಬಹಳ ಗಾಡಿಗಳಲ್ಲಿ ಮಾಡಬಹುದು. ಪ್ರತಿ ಇಂಜೆಕ್ಟರಿನಿಂದ ಹೆಚ್ಚಾದ ಡೀಸೆಲ್ ವಾಪಸ್ ಹೋಗೋ ರಿಟರ್ನ್ ಪೈಪ್ ಬಿಚ್ಚಿ ಒಂದೊಂದು ಬಾಟಲಿಗೆ ಬಿಟ್ಟು ಎಂಜಿನ್ ಸ್ವಲ್ಪ ಹೊತ್ತು ಓಡಿಸಿ, ನಾಲ್ಕೂ ಬಾಟಲಿ ಹೆಚ್ಚುಕಮ್ಮಿ ಒಂದೇ ಮಟ್ಟ ತುಂಬ್ಬೇಕು, ಒಂದು ಮಾತ್ರ ಬೇಗ ತುಂಬಿದ್ರೆ ಆ ಇಂಜೆಕ್ಟರ್ ಒತ್ತಡಾನ ಸೋರಿಸ್ತಿದೆ. ಆದ್ರೆ ರಿಟರ್ನ್ ಪೈಪ್ ಮಾತ್ರ. ಹಳೇ ಗಾಡೀಲಿ ಏರ್ ತೆಗಿಯೋಕೆ ಇಂಜೆಕ್ಟರಿಗೆ ಬರೋ ಒತ್ತಡದ ಪೈಪಿನ ನಟ್ ಸಡಿಲಿಸ್ತಿದ್ವಲ್ಲ, ಅದನ್ನ ಕಾಮನ್ ರೈಲ್ ಗಾಡೀಲಿ ಎಂಜಿನ್ ಓಡುವಾಗ ಸತ್ರೂ ಮಾಡ್ಬೇಡಿ. ಅಲ್ಲಿ ಒತ್ತಡ 1,600 ಬಾರ್, ಕೆಲವದ್ರಲ್ಲಿ 2,000 ದಾಟುತ್ತೆ, ಆ ಸಣ್ಣ ಚಿಲುಮೆ ಚರ್ಮ ತೂರಿ ಒಳಗೆ ಹೋಗುತ್ತೆ, ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ, ಆಗ ನೋವೂ ಇರಲ್ಲ, ಒಳಗೆ ಕೈ ಕೊಳೆಯೋಕೆ ಶುರು ಆಗಿರುತ್ತೆ. ಹಾಗೇನಾದ್ರೂ ಆದ್ರೆ ನೋವಿಲ್ಲ ಅಂತ ಕಾಯದೆ ಆ ಕ್ಷಣಾನೇ ಆಸ್ಪತ್ರೆಗೆ ಹೋಗಿ ಡೀಸೆಲ್ ಒತ್ತಡದಿಂದ ಒಳಗೆ ಹೋಗಿದೆ ಅಂತ ಡಾಕ್ಟರಿಗೆ ಹೇಳ್ಬೇಕು, ಆಪರೇಷನ್ ಬೇಕಾಗಬಹುದು. ಲೀಕ್ ಹುಡುಕೋಕೆ ಕೈ ಆಡಿಸ್ಬೇಡಿ, ರಟ್ಟಿನ ತುಂಡು ಉದ್ದಕ್ಕೆ ಹಿಡ್ಕೊಂಡು ದೂರದಿಂದ ಆಡಿಸಿ.

ಕೊನೇದಾಗಿ ರಾತ್ರಿ ಬ್ಯಾಟರಿ ಇಳಿಯೋ ಗಾಡಿಗಳ ವಿಚಾರ. ಎಂಜಿನ್ ಓಡುವಾಗ ಬ್ಯಾಟರಿ ಮೇಲೆ ಸಾಮಾನ್ಯವಾಗಿ 13.8ರಿಂದ 14.7 ವೋಲ್ಟ್ ಇದ್ರೆ ಡೈನಮೋ ಚಾರ್ಜ್ ಮಾಡ್ತಿದೆ, ಬೇರೆ ಎಲ್ಲೋ ಕಳ್ಳತನ ಆಗ್ತಿದೆ. ಎಲ್ಲ ಆಫ್ ಮಾಡಿ ಬಾಗಿಲು ಹಾಕಿ ಅರ್ಧ ಗಂಟೆ ಬಿಟ್ಟು ಆಮೇಲೆ ಅಳೆದ್ರೆ ಗಾಡಿ ಎಳ್ಕೊಳ್ಳೋ ಕರೆಂಟು 50 ಮಿಲಿ ಆಂಪಿಯರ್ ಒಳಗೆ ಇರ್ಬೇಕು. ಅರ್ಧ ಆಂಪಿಯರ್ ಇದ್ರೆ ದಿನಕ್ಕೆ 12 ಆಂಪಿಯರ್ ಅವರ್ ಹೋಯ್ತು, 60 ಆಂಪಿಯರ್ ಅವರ್ ಬ್ಯಾಟರಿ ಮೂರನೇ ದಿನಕ್ಕೇ ಸೆಲ್ಫ್ ಎತ್ತದೇ ಇರಬಹುದು. ಫ್ಯೂಸ್ ಒಂದೊಂದಾಗಿ ಕಿತ್ತು ಯಾವಾಗ ಕಮ್ಮಿ ಆಗುತ್ತೆ ಅಂತ ನೋಡಿ. ಬಹಳ ಸಲ ನಾವೇ ಆಮೇಲೆ ಹಾಕಿಸಿದ ಲೈಟು, ಮ್ಯೂಸಿಕ್ ಸಿಸ್ಟಂ, ಟ್ರೇಲರ್ ವೈರಿಂಗ್ ಇದರ ಮೂಲ. ಬ್ರೇಕ್ ಒತ್ತಿದ್ರೆ ಇಂಡಿಕೇಟರೂ ಮಂಕಾಗಿ ಉರಿಯುತ್ತೆ ಅಂದ್ರೆ ಹಿಂದಿನ ಲೈಟಿನ ಅರ್ತ್ ಹೋಗಿದೆ, ಪಿಕಪ್ಪಲ್ಲಿ ಲೋಡ್ ಬಾಡಿ ಬೇರೆ ಚಾಸಿ ಬೇರೆ ಆಗಿರೋದ್ರಿಂದ ಈ ತೊಂದ್ರೆ ಬರುತ್ತಾನೇ ಇರುತ್ತೆ. ಮತ್ತೆ ಡೈನಮೋ ಚೆಕ್ ಮಾಡೋಕೆ ಅಂತ ಓಡೋ ಎಂಜಿನ್ನಿನ ಬ್ಯಾಟರಿ ವೈರ್ ಕಿತ್ತು ನೋಡೋ ಅಭ್ಯಾಸ ದಯವಿಟ್ಟು ನಿಲ್ಲಿಸಿ, ಆ ಕ್ಷಣ ವೋಲ್ಟೇಜ್ ಜಿಗಿದು ಇಸಿಯು ಸುಟ್ಟು ಹೋಗಬಹುದು.

ಸಂಪಾದಕರಲ್ಲಿ ನನ್ನ ಕೋರಿಕೆ ಇದು. ವಾಹನ ಪುಟದಲ್ಲಿ ಹೊಸ ಗಾಡಿಗಳ ಬಣ್ಣ ಮತ್ತು ಮೈಲೇಜ್ ಬಗ್ಗೆ ಬರೋದರ ಜೊತೆ ಓದುಗರ ಪ್ರಶ್ನೆಗಳಿಗೆ ಕೊಡೋ ಉತ್ತರ ಇನ್ನಷ್ಟು ಉದ್ದ ಇರಲಿ, ಬಿಚ್ಚಿ ಅನ್ನೋ ಮುಂಚೆ ಏನನ್ನ ಅಳೀಬೇಕು, ಎಷ್ಟು ಬರ್ಬೇಕು ಅಂತ ಅಂಕಿ ಸಮೇತ ಬರಲಿ. ಇಡೀ ಪತ್ರ ಹಾಕೋಕೆ ಜಾಗ ಇಲ್ಲ ಅಂದ್ರೆ ಇಷ್ಟಾದ್ರೂ ಆ ಓದುಗರಿಗೆ ತಲುಪಿಸಿ: ನಾಳೆ ಬೆಳಿಗ್ಗೆ ಗೇರ್ ನ್ಯೂಟ್ರಲ್ಲಲ್ಲಿ ಇಟ್ಟು ಹ್ಯಾಂಡ್ ಬ್ರೇಕ್ ಎಳೆದು, ಜಂಪ್ ಕೇಬಲ್ಲಿನ ಒಂದು ತುದಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ತುದಿ ಫ್ಯಾನು ಬೆಲ್ಟುಗಳಿಂದ ದೂರ ಎಂಜಿನ್ನಿನ ಬರಿ ಕಬ್ಬಿಣಕ್ಕೆ ಕಚ್ಚಿಸಿ ಸೆಲ್ಫ್ ಹೊಡೀರಿ. ಗಾಡಿ ಎದ್ರೆ ಪಂಪ್ ಮುಟ್ಬೇಡಿ. ಏಳದಿದ್ರೆ ಸೈಲೆನ್ಸರಿನಲ್ಲಿ ಹೊಗೆ ಬಂತಾ ಇಲ್ವಾ, ಬಂದ್ರೆ ಯಾವ ಬಣ್ಣ, ಕೈಪಂಪ್ ಮೊದಲೇ ಗಟ್ಟಿ ಇತ್ತಾ ಅಂತ ಪತ್ರಿಕೆಗೆ ಬರೀರಿ, ನಾನು ಉತ್ತರ ಬರೀತೀನಿ.

ಇಂತಿ,
ನಿಮ್ಮ ಓದುಗ,
ಪಿಕಪ್ ಓಡಿಸಿ ಜೀವನ ಮಾಡೋ ಒಬ್ಬ ಮಾಲೀಕ ಕಮ್ ಡ್ರೈವರ್